ಬಳ್ಳಾರಿಯಲ್ಲಿ ಹುಟ್ಟಿದ ಸತ್ಯವೇದ

ತುಂಗಭದ್ರೆ ದಾಟಿ ದಕ್ಷಿಣಕ್ಕೆ ಹೋದರೆ ಬಳ್ಳಾರಿ ಸೀಮೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತರು. ಧರ್ಮದ ವಿಷಯದಲ್ಲಿ ಸತ್ಯವೇದದ, ಅಂದರೆ ಬೈಬಲ್ಲಿನ, ಮಾತೇ ಕೊನೆಯದು ಎಂಬುದು ಅವರ ಪಂಥದ ಮೂಲ ನಂಬಿಕೆ. ಹಾಗಾದರೆ ಆ ಗ್ರಂಥ ಜನರ ನುಡಿಯಲ್ಲೇ ಇರಬೇಕಲ್ಲ? ವರ್ಷಗಟ್ಟಲೆ ದುಡಿದದ್ದಕ್ಕೆ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು.

ನಿಜವಾದ ಕಷ್ಟವಿದ್ದದ್ದು ಪದಗಳಲ್ಲಿ. ಮನುಷ್ಯ ತನ್ನ ಪುಣ್ಯದ ಬಲದಿಂದಲ್ಲ, ಶಿಲುಬೆಯಲ್ಲಿ ಸತ್ತು ಎದ್ದ ಯೇಸುವನ್ನು ನಂಬಿ, ದೇವರ ಕೃಪೆಯಿಂದ ಪಾರಾಗುತ್ತಾನೆ ಎಂಬುದು ಈ ಬೋಧನೆಯ ತಿರುಳು. ‘ಕೃಪೆ’ ಭಕ್ತರ ಬಾಯಲ್ಲಿ ಮೊದಲೇ ಇತ್ತು. ‘ನಂಬಿಕೆ’ ಸಾಲ ಕೊಡುವವನಿಗೂ ಗೊತ್ತು. ಆದರೆ ಇದೇ ಬದುಕಿನಲ್ಲಿ ಒಳಗಿನಿಂದ ಮತ್ತೆ ಹುಟ್ಟಬೇಕೆಂಬ ಯೇಸುವಿನ ಮಾತಿಗೆ ‘ಪುನರ್ಜನ್ಮ’ ಎಂದುಬಿಟ್ಟರೆ ಕೇಳುಗನ ಮನಸ್ಸು ಕರ್ಮದ ಕಡೆ ಹೊರಳುತ್ತದೆ. ಇಂದಿನ ಕನ್ನಡ ಸತ್ಯವೇದದಲ್ಲಿರುವುದು ‘ಹೊಸದಾಗಿ ಹುಟ್ಟುವುದು’. ಎರಡೇ ಪದ, ಎಷ್ಟು ಸರಳ, ಎಷ್ಟು ಖಚಿತ!

ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಆ ಅನುವಾದವನ್ನು ತಿದ್ದಿದರು. ಅದೇ ಮಿಷನ್ನಿನ ಕಿಟೆಲ್, ತಮ್ಮ ಕನ್ನಡ ನಿಘಂಟಿಗೆ ಮೂರು ದಶಕ ಮೊದಲೇ, 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಷಟ್ಪದಿಗೆ ಇಳಿಸಿದರು.