ಮೇಜಿನ ಮೇಲಣ ಅಂತರಿಕ್ಷ

ಮಂಗಳಗ್ರಹದ ಜೀವಿಗಳನ್ನು ಇಂಗ್ಲೆಂಡಿನ ಹಳ್ಳಿಗಾಡಿಗೆ ಇಳಿಸಿ, ಮೂರು ಕಾಲುಗಳ ಮೇಲೆ ನಡೆಯುವ ಅವುಗಳ ಯಂತ್ರಗಳಿಂದ ಲಂಡನ್ ಮಹಾನಗರವನ್ನೇ ತಲ್ಲಣಗೊಳಿಸಿದ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರು, 1898ರಲ್ಲಿ ಆ ಕೃತಿ ಹೊರಬಂದ ಹದಿನೈದು ವರ್ಷಗಳ ತರುವಾಯ, ಆಟಿಕೆಯ ಸೈನಿಕರನ್ನು ನೆಲದ ಮೇಲೆ ಹೂಡಿ ಸಮರವಾಡುವ ಕ್ರಮವನ್ನು ವಿವರಿಸುವ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನು ಬರೆದರು. ಭವಿಷ್ಯತ್ತನ್ನು ಅಷ್ಟು ನಿಚ್ಚಳವಾಗಿ ಕಂಡಿದ್ದವರು ಈ ಪುಸ್ತಕದ ಸಮರಗಳಿಗೆ ಮಾತ್ರ ಮಂಗಳದವರನ್ನು ಕರೆಯಲಿಲ್ಲ. ಅಲ್ಲಿ ಕಾದುವವರೆಲ್ಲರೂ ತಮ್ಮ ಕಾಲದ ಸಮವಸ್ತ್ರ ಧರಿಸಿದ ಪದಾತಿಗಳು, ಅಶ್ವಾರೋಹಿಗಳು, ಫಿರಂಗಿಯವರು. ಅಂಗಡಿಯಲ್ಲಿ ದೊರೆಯುತ್ತಿದ್ದ ಎರಕದ ಬೊಂಬೆಗಳು ಅವರವೇ ಆಗಿದ್ದುದು ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಕಲ್ಪನೆಗೆ ಎಟುಕುವುದಕ್ಕೂ ಕೈಗೆ ಸಿಗುವುದಕ್ಕೂ ನಡುವೆ ಇದ್ದ ಈ ಅಂತರವನ್ನು ಮುಂದಿನ ಎಂಬತ್ತು ವರ್ಷಗಳಲ್ಲಿ ತುಂಬಿದವರು ಮಹಾಸಾಹಿತಿಗಳಲ್ಲ, ಗರಗಸ, ಅರ ಮತ್ತು ಅಂಟನ್ನು ಹಿಡಿದು ಬಿಡುವಿನ ಹೊತ್ತಿನಲ್ಲಿ ಕುಳಿತ ಹವ್ಯಾಸಿಗಳು.

ಹೆಬ್ಬೆರಳಿನ ಗಾತ್ರದ ವೈಜ್ಞಾನಿಕ ಕಥಾಲೋಕದ ಯೋಧರನ್ನು ಸಂಗ್ರಹಿಸುವುದು, ಒಬ್ಬನ ಶಿರವನ್ನು ಇನ್ನೊಬ್ಬನ ಮುಂಡಕ್ಕೆ, ಮೂರನೆಯವನ ತೋಳನ್ನು ಅದೇ ಹೆಗಲಿಗೆ ಕೂಡಿಸಿ ಹೊಸ ವ್ಯಕ್ತಿಯೊಬ್ಬನನ್ನು ನಿರ್ಮಿಸುವುದು, ಅವನಿಗೊಂದು ಹೆಸರನ್ನೂ ಪೂರ್ವವೃತ್ತಾಂತವನ್ನೂ ಕೊಟ್ಟು, ಒಂದರಿಂದೊಂದು ಹುಟ್ಟುವ ಸಮರಗಳ ಸರಣಿಯಲ್ಲಿ, ಎಂದರೆ ಆಟಗಾರರು ಕ್ಯಾಂಪೇನ್ ಎನ್ನುವ ದೀರ್ಘ ಕಥಾನಕದಲ್ಲಿ, ಅವನನ್ನು ನಡೆಸುವುದು: ಈ ಕಲೆ ಹುಟ್ಟಿದುದು ಅಭಾವದಿಂದ. ಅಭಾವ ಕಳೆದ ಮೇಲೂ ಅದು ಉಳಿದುಬಂದುದಕ್ಕೆ ಬೇರೆಯೇ ಕಾರಣವಿದೆ. ಕಥೆಯೊಂದು ಮುಂದುವರಿಯುತ್ತ ಹೋದಂತೆ ಅದು ತನಗೆ ಬೇಕಾದ ನಿರ್ದಿಷ್ಟ ಮುಖವನ್ನು ಕೇಳುತ್ತದೆ, ಆ ಮುಖವನ್ನು ಯಾವ ಕಾರ್ಖಾನೆಯೂ ಮೊದಲೇ ಎರೆದಿಟ್ಟಿರಲಾರದು.

ಕಥೆ ಮತ್ತು ಸೈನಿಕನ ಈ ಸಂಬಂಧ ವೆಲ್ಸರಿಗಿಂತ ಹಳೆಯದು. 1826ರ ಜೂನ್ ತಿಂಗಳಿನಲ್ಲಿ ಯಾರ್ಕ್‌ಷೈರ್ ಪ್ರಾಂತದ ಹಾವರ್ತ್ ಗ್ರಾಮದ ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ ಅವರು ಲೀಡ್ಸ್ ಪಟ್ಟಣದಿಂದ ತಮ್ಮ ಮಗ ಬ್ರಾನ್‌ವೆಲ್‌ನಿಗಾಗಿ ಮರದ ಹನ್ನೆರಡು ಸೈನಿಕರನ್ನು ತಂದರು. ಮನೆಯ ನಾಲ್ವರು ಮಕ್ಕಳು ತಲೆಗೊಬ್ಬನನ್ನು ಆರಿಸಿಕೊಂಡು ಹೆಸರಿಟ್ಟರು. ಶಾರ್ಲೆಟ್ ತನ್ನವನನ್ನು ಡ್ಯೂಕ್ ಆಫ್ ವೆಲಿಂಗ್ಟನ್ ಎಂದಳು, ಬ್ರಾನ್‌ವೆಲ್ ತನ್ನವನನ್ನು ಬೊನಪಾರ್ಟ್ ಎಂದನು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕರ್ನಲ್ ಆಗಿದ್ದು, ಕೋಟೆ ಬಿದ್ದ ಮೇಲೆ ಆ ಊರಿನ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್; ನಮ್ಮ ಕಾವೇರಿಯ ದಂಡೆಯಲ್ಲಿ ಕೀರ್ತಿ ಗಳಿಸಲಾರಂಭಿಸಿದ ದಳಪತಿಯೊಬ್ಬನು ಹೀಗೆ ಬಾಲೆಯೊಬ್ಬಳ ಕೈಯಲ್ಲಿ ಮರದ ಬೊಂಬೆಯಾಗಿ, ಗ್ಲಾಸ್ ಟೌನ್ ಎಂಬ ಕಲ್ಪಿತ ರಾಜ್ಯದ ನಾಯಕನಾದನು. ಆ ಮಕ್ಕಳು ಸೈನಿಕರ ಅಳತೆಗೆ ಹೊಂದುವಂತೆ ಪುಟ್ಟ ಪುಸ್ತಕಗಳನ್ನು ಹೊಲಿದು, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಆ ರಾಜ್ಯದ ಚರಿತ್ರೆಯನ್ನು ವರ್ಷಾನುಗಟ್ಟಲೆ ಬರೆದರು. ಕ್ಯಾಂಪೇನ್ ಎಂಬುದರ ಜೀವಾಳವೆಲ್ಲವೂ ಇಲ್ಲಿದೆ. ಇಲ್ಲದಿದ್ದುದು ಜಯಾಪಜಯಗಳನ್ನು ನಿರ್ಣಯಿಸುವ ನಿಯಮ ಮಾತ್ರ.

ನಿಯಮವನ್ನು ಕೊಟ್ಟವರು ವೆಲ್ಸ್. ಬೊಂಬೆಗಳನ್ನು ಅಗ್ಗವಾಗಿಸಿದುದು ಅದಕ್ಕೂ ಮೊದಲು, 1893ರಲ್ಲಿ, ಲಂಡನ್ನಿನ ವಿಲಿಯಂ ಬ್ರಿಟನ್ ಕುಟುಂಬ ಕಂಡುಹಿಡಿದ ಟೊಳ್ಳೆರಕ. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿದು, ಹೊರಪದರ ಹೆಪ್ಪುಗಟ್ಟಿದೊಡನೆಯೇ ಒಳಗಿನ ದ್ರವವನ್ನು ಹೊರಚೆಲ್ಲಿದರೆ 54 ಮಿಲಿಮೀಟರ್ ಎತ್ತರದ, ಹಗುರವಾದ, ಪೊಳ್ಳು ಹೊಟ್ಟೆಯ ಸೈನಿಕನು ಸಿದ್ಧನಾಗುತ್ತಿದ್ದನು. ಆಟದ ಭರದಲ್ಲಿ ಅವನ ತಲೆ ಹಾರಿದಾಗ ಪೊಳ್ಳಾದ ಕೊರಳಿಗೆ ಬೆಂಕಿಕಡ್ಡಿಯ ತುಂಡನ್ನು ಸೇರಿಸಿ ಮತ್ತೆ ಕೂರಿಸುವುದು ಮನೆಮನೆಯ ರೂಢಿಯಾಗಿತ್ತು. ಹಾರಿದ ತಲೆಯು ಕಳೆದುಹೋಗಿದ್ದರೆ ಬೇರೊಬ್ಬನ ತಲೆಯೂ ಅಲ್ಲಿ ಕೂರಬಹುದೆಂಬ ಅರಿವು ಅಲ್ಲಿಂದ ಒಂದೇ ಹೆಜ್ಜೆ. 1911ರ 'ಫ್ಲೋರ್ ಗೇಮ್ಸ್' ಪುಸ್ತಕದಲ್ಲಿ ವೆಲ್ಸರು ಅಂಗಡಿಗಳಲ್ಲಿ ಸೈನಿಕರ ಹೊರತು ಸಾಮಾನ್ಯ ನಾಗರಿಕರ ಬೊಂಬೆಗಳೇ ಸಿಗುವುದಿಲ್ಲವೆಂದು ಮನಮುಟ್ಟುವಂತೆ ಕೊರಗುತ್ತಾರೆ. ಕಥೆಗೆ ಬೇಕಾದವರು ಅಂಗಡಿಯಲ್ಲಿಲ್ಲ ಎಂಬ ಈ ಕೊರಗು ಬೊಂಬೆಗಳನ್ನು ಕೊಯ್ದು ಕೂಡಿಸಿ ಬದಲಿಸುವ, ಮುಂದೆ ಬಂದ ಎಲ್ಲ ರೂಪಾಂತರಕಾರರ ಕೊರಗೂ ಹೌದು.

ಎರಡನೆಯ ಮಹಾಯುದ್ಧದ ನಂತರ ಈ ಕ್ರೀಡೆಗೆ ಸೌತಾಂಪ್ಟನ್ ನಗರದಲ್ಲಿ ಹೊಸ ಉಸಿರು ಬಂದಿತು. ವೃತ್ತಿಯಿಂದ ಫಿಸಿಯೋಥೆರಪಿಸ್ಟ್ ಆಗಿದ್ದ ಡೊನಾಲ್ಡ್ ಫೆದರ್‌ಸ್ಟೋನ್ ಅವರ 1962ರ 'ವಾರ್ ಗೇಮ್ಸ್' ಪುಸ್ತಕವು ಊರೂರಿನ ಹವ್ಯಾಸಿಗಳನ್ನು ಒಟ್ಟುಗೂಡಿಸಿತು. ನನ್ನ ದೃಷ್ಟಿಯಲ್ಲಿ ಅವರಿಗಿಂತಲೂ ಹೆಚ್ಚಿನ ಸ್ಮರಣೆಗೆ ಅರ್ಹರಾದವರು ಅವರ ಮಿತ್ರರಾದ ಟೋನಿ ಬಾತ್. ರಾಬರ್ಟ್ ಇ. ಹೋವರ್ಡ್ ಅವರ ಕಥೆಗಳಲ್ಲಿ ಬರುವ ಹೈಬೋರಿಯಾ ಎಂಬ ಕಲ್ಪಿತ ಭೂಖಂಡವನ್ನು ನಕ್ಷೆಯಾಗಿಸಿ, ಅದರ ಒಂದೊಂದು ರಾಜ್ಯವನ್ನು ಒಬ್ಬೊಬ್ಬ ಆಟಗಾರನಿಗೆ ವಹಿಸಿ, ಬೊಕ್ಕಸ, ಬೆಳೆ, ಮದುವೆ, ದ್ರೋಹಗಳನ್ನೆಲ್ಲ ಕಡತಗಳಲ್ಲಿ ದಾಖಲಿಸುತ್ತ, ಇಸ್ಪೀಟಿನ ಎಲೆಗಳನ್ನು ಎಳೆದು ಪಾತ್ರಗಳ ಗುಣಸ್ವಭಾವಗಳನ್ನು ನಿಶ್ಚಯಿಸುತ್ತ ಅವರು ನಡೆಸಿದ ಕ್ಯಾಂಪೇನು ದೀರ್ಘಕಾಲ ಬಾಳಿತು. 1973ರಲ್ಲಿ ಆ ಅನುಭವವನ್ನೆಲ್ಲ ಅವರು ಪುಸ್ತಕವಾಗಿಯೂ ಬರೆದರು. ಚರಿತ್ರೆಯಲ್ಲಿ ಎಂದೂ ಇರದ ಸೇನೆಗೆ ಸಮವಸ್ತ್ರ ಯಾವುದೆಂದು ಗ್ರಂಥಾಲಯದಲ್ಲಿ ಹುಡುಕಿ ಫಲವಿಲ್ಲ. ವಾಟರ್‌ಲೂ ರಣರಂಗದ ಸೈನಿಕನ ಗುಂಡಿ ಯಾವ ಬಣ್ಣದ್ದೆಂದು ಪಂಡಿತರು ತಿದ್ದಬಲ್ಲರು. ಹೈಬೋರಿಯಾದ ಸೈನಿಕನ ವಿಷಯದಲ್ಲಿ ಆಡುವವನೇ ಪ್ರಮಾಣ.

ಇದೇ ಕಾಲದಲ್ಲಿ, 1959ರಿಂದ ಮೊದಲ್ಗೊಂಡು, ಏರ್‌ಫಿಕ್ಸ್ ಸಂಸ್ಥೆಯ ಪುಟ್ಟ ಪ್ಲಾಸ್ಟಿಕ್ ಸೈನಿಕರು ಬಾಲಕರ ಕೈಗೂ ಎಟುಕುವ ಬೆಲೆಗೆ ಬಂದರು. ಮೆದುವಾದ ಪಾಲಿಥೀನಿನ ಈ ಬೊಂಬೆಗಳಿಗೆ ಬಣ್ಣ ಹಿಡಿಯುತ್ತಿರಲಿಲ್ಲ, ಅಂಟು ಕಚ್ಚುತ್ತಿರಲಿಲ್ಲ. ತಲೆಯನ್ನು ಬದಲಿಸಬೇಕಾದರೆ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಬೇಕಾಗಿತ್ತು. ಆದರೂ ಬದಲಿಸಿದರು. ಅಮೆರಿಕದ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಅವರು ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಚೀಲದಿಂದ ಆಯ್ದ ವಿಚಿತ್ರ ಪ್ರಾಣಿಗಳನ್ನು ಮೇಜಿಗಿಳಿಸಿ ಅವಕ್ಕೆ ಶಕ್ತಿಸಾಮರ್ಥ್ಯಗಳನ್ನು ಬರೆದರು. 1974ರಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟಕ್ಕೆ ಮುಂದೆ ಕಬ್ಬಿಣವನ್ನು ತುಕ್ಕುಹಿಡಿಸಿ ತಿನ್ನುವ ಪ್ರಾಣಿಯು ಬಂದುದು ಹೀಗೆ, ಆಟಿಕೆ ಮೊದಲು, ಪುರಾಣ ಅನಂತರ. ಅದೇ ದಶಕದಲ್ಲಿ ವೈಜ್ಞಾನಿಕ ಕಥಾಲೋಕದ ಎರಕದ ಬೊಂಬೆಗಳೂ ಒಂದೊಂದಾಗಿ ತಲೆಯೆತ್ತಿದವು. 1977ರಲ್ಲಿ 'ಸ್ಟಾರ್ ವಾರ್ಸ್' ಚಲನಚಿತ್ರ ತೆರೆಕಂಡು ಅವುಗಳಿಗೆ ಗಿರಾಕಿಗಳು ಹೆಚ್ಚಿದರು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆ ಈ ವೃತ್ತಿಯ ತವರಾದುದು ಬಹುಮಟ್ಟಿಗೆ ಬ್ರಯನ್ ಆನ್ಸೆಲ್ ಅವರಿಂದ. ಆಸ್ಗಾರ್ಡ್ ಎಂಬ ಬೊಂಬೆಯ ಸಂಸ್ಥೆಯನ್ನು ಕಟ್ಟಿ ಬಿಟ್ಟ ಮೇಲೆ ಅವರು, ಲಂಡನ್ನಿನಲ್ಲಿ 1975ರಲ್ಲಿ ಹುಟ್ಟಿದ್ದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯ ನೆರವಿನಿಂದ, ಸಮೀಪದ ನ್ಯೂಆರ್ಕ್ ಪಟ್ಟಣದಲ್ಲಿ ಸಿಟಡೆಲ್ ಮಿನಿಯೇಚರ್ಸ್ ಎಂಬುದನ್ನು ಸ್ಥಾಪಿಸಿದರು. ಅಲ್ಲಿನ ಕೆಲಸದ ಕ್ರಮ ಇಂದಿಗೂ ಸಣ್ಣ ಕಾರ್ಯಾಗಾರಗಳಲ್ಲಿ ಉಳಿದಿದೆ. ಶಿಲ್ಪಿಯು ತಂತಿಯ ಅಸ್ಥಿಪಂಜರದ ಮೇಲೆ ಪುಟ್ಟಿಯನ್ನು ಮೆತ್ತಿ ಮೂಲಮೂರ್ತಿಯನ್ನು ತಿದ್ದುತ್ತಾನೆ. ಅದನ್ನು ರಬ್ಬರಿನ ಎರಡು ಬಿಲ್ಲೆಗಳ ನಡುವೆ ಇಟ್ಟು, ಒತ್ತಿ, ಕಾಯಿಸಿ ಅಚ್ಚನ್ನು ಪಡೆಯುತ್ತಾರೆ. ಆ ಅಚ್ಚನ್ನು ವೇಗವಾಗಿ ತಿರುಗಿಸುತ್ತ ನಡುವಿನ ರಂಧ್ರಕ್ಕೆ ಕರಗಿದ ಲೋಹವನ್ನು ಹೊಯ್ದರೆ, ಅದು ಅಂಚಿನತ್ತ ಚಿಮ್ಮಿ ಬೆರಳಿನ ತುದಿಯನ್ನೂ ಬಿಡದೆ ತುಂಬುತ್ತದೆ. ರಬ್ಬರು ಅಗ್ಗವಾದುದರಿಂದ ನೂರೇ ಮಂದಿ ಕೊಳ್ಳುವ ವಿಚಿತ್ರ ಬೊಂಬೆಯನ್ನೂ ಎರೆಯುವ ಧೈರ್ಯ ಈ ಸಂಸ್ಥೆಗಳಿಗಿತ್ತು. ಉಕ್ಕಿನ ಅಚ್ಚು ಬೇಡುವ ಪ್ಲಾಸ್ಟಿಕ್ಕಿನಲ್ಲಿ ಅಂಥ ಸಾಹಸ ಸಾಧ್ಯವಿರಲಿಲ್ಲ.

1987ರಲ್ಲಿ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯಿಂದ ರಿಕ್ ಪ್ರೀಸ್ಟ್ಲಿ ಅವರು ರಚಿಸಿದ 'ವಾರ್‌ಹ್ಯಾಮರ್ 40,000: ರೋಗ್ ಟ್ರೇಡರ್' ಹೊರಬಂದಿತು. ಇಂದು ಆ ಹೆಸರು ದೊಡ್ಡ ಉದ್ಯಮವೊಂದರ ಹೆಸರು; ಅಂದು ಅದು ಒಬ್ಬ ನಿರೂಪಕನು ಕಥೆ ಕಟ್ಟಿ ಇಬ್ಬರು ಆಡುವ ಸಲುವಾಗಿ ಬರೆದ, ಸಲಹೆಗಳಿಂದ ಕಿಕ್ಕಿರಿದ ಗ್ರಂಥ. ಅದರ ಮಾದರಿ ಸಮರ ನಡೆಯುವುದು ಒಂದು ಹೊಲಮನೆಯಲ್ಲಿ. ವೆಲ್ಸರ ಪುಸ್ತಕದಲ್ಲಿಯೂ ಹುಕ್ಸ್ ಫಾರ್ಮ್ ಎಂಬ ಹೊಲಮನೆಯಲ್ಲಿಯೇ ಕಾಳಗ. ಇದು ಅನುಕರಣವಾಗಬೇಕಿಲ್ಲ, ಮೇಜಿನ ಮೇಲೆ ನಾಲ್ಕು ಗೋಡೆ, ಒಂದು ಬೇಲಿ, ಕಾಯಬೇಕಾದದ್ದೊಂದು ಇದ್ದರೆ ಕಥೆ ತಾನೇ ಆರಂಭವಾಗುತ್ತದೆ. ಗ್ರಂಥದಲ್ಲಿ ಹೆಸರಿಸಿದ ಯಂತ್ರಗಳಲ್ಲಿ ಬಹುಪಾಲಿಗೆ ಆಗ ಬೊಂಬೆಗಳೇ ಇರಲಿಲ್ಲವಾಗಿ, ಸಂಸ್ಥೆಯ ಪತ್ರಿಕೆಯಾದ 'ವೈಟ್ ಡ್ವಾರ್ಫ್' ಡಿಯೋಡರೆಂಟಿನ ಖಾಲಿ ಡಬ್ಬಿಯಿಂದ ತೇಲುವ ಯುದ್ಧರಥವನ್ನು ಮಾಡುವ ಬಗೆಯನ್ನು ಚಿತ್ರಸಹಿತವಾಗಿ ಪ್ರಕಟಿಸಿತು. ಡಬ್ಬಿಯನ್ನು ಅಡ್ಡ ಮಲಗಿಸಿ, ರಟ್ಟಿನ ತುಂಡುಗಳನ್ನು ಹೊದಿಸಿ, ಬೇರೆ ಕಿಟ್ಟುಗಳಲ್ಲಿ ಮಿಕ್ಕ ಬಂದೂಕುಗಳನ್ನು ಅಂಟಿಸಿದರೆ ಸರಿ. ಮಾರುವವರೇ 'ನಮ್ಮಲ್ಲಿ ಇಲ್ಲ, ನೀವೇ ಮಾಡಿಕೊಳ್ಳಿ' ಎಂದು ಕಲಿಸಿದ ಆ ಕೆಲವು ವರ್ಷಗಳನ್ನು ನಾನು ಈ ಕಲೆಯ ಅತ್ಯಂತ ಉದಾರವಾದ ಕಾಲವೆಂದು ಭಾವಿಸುತ್ತೇನೆ.

ಅದೇ ಸುಮಾರಿಗೆ ಒಂದು ಪೆಟ್ಟಿಗೆಯಲ್ಲಿ ಆ ಆಟದ ಮೂವತ್ತು ಮಂದಿ ಪ್ಲಾಸ್ಟಿಕ್ ಸ್ಪೇಸ್ ಮರೀನ್ ಯೋಧರು ಬಂದರು. ಕಾಲು, ಮುಂಡ, ತಲೆ, ತೋಳು, ಬೆನ್ನಿನ ಯಂತ್ರ ಎಲ್ಲವೂ ಬೇರೆಬೇರೆ. ಗಟ್ಟಿಯಾದ ಪಾಲಿಸ್ಟೈರೀನ್ ಆದುದರಿಂದ ದ್ರಾವಕದ ಅಂಟು ಎರಡು ಮೈಗಳನ್ನೂ ಕರಗಿಸಿ ಒಂದಾಗಿ ಬೆಸೆಯುತ್ತಿತ್ತು. ಲೋಹದ ಬೊಂಬೆಯ ತೋಳನ್ನು ಬದಲಿಸುವ ಶ್ರಮವೇ ಬೇರೆ: ಅಕ್ಕಸಾಲಿಗನ ಸಣ್ಣ ಗರಗಸದಿಂದ ಕೊಯ್ದು, ಎರಡೂ ಕಡೆ ಕೈಬೈರಿಗೆಯಿಂದ ಕೊರೆದು, ಹಿತ್ತಾಳೆಯ ತಂತಿಯ ತುಂಡನ್ನು ಮೂಳೆಯಂತೆ ಸೇರಿಸಿ, ಅಂಟಿನಿಂದ ಭದ್ರಪಡಿಸಿ, ಉಳಿದ ಸಂದಿಗೆ ಎಪಾಕ್ಸಿ ಪುಟ್ಟಿಯನ್ನು ತುಂಬಬೇಕು. ಸೋರುವ ನಲ್ಲಿಗೆ ನಾವು ಮೆತ್ತುವ ಎಂ-ಸೀಲಿನ ಜಾತಿಗೇ ಸೇರಿದ ಈ ಪುಟ್ಟಿಯ ಒಂದು ಪಟ್ಟಿ ನೀಲಿ, ಇನ್ನೊಂದು ಹಳದಿ. ನಾದಿದಾಗ ಎರಡೂ ಕೂಡಿ ಹಸಿರಾಗುವುವು. ನಾದಿದ ಮೇಲೆ ಗಂಟೆಯೋ ಎರಡು ಗಂಟೆಯೋ ಅದು ಕೈಯ ಮಾತು ಕೇಳುತ್ತದೆ. ಅಷ್ಟರಲ್ಲಿ ನೀರು ಸವರಿದ ಉಪಕರಣದಿಂದ ಬಟ್ಟೆಯ ನಿರಿಗೆಯನ್ನೋ ಕವಚದ ಅಂಚನ್ನೋ ಎಳೆದು ಮುಗಿಸಬೇಕು. ಬಣ್ಣ ಬಳಿಯದ ಅಂಥ ಬೊಂಬೆಯಲ್ಲಿ ಬೂದುಬಣ್ಣದ ಲೋಹ, ಬೆಳ್ಳಗಿನ ಪ್ಲಾಸ್ಟಿಕ್, ಹಸಿರು ಪುಟ್ಟಿ, ಹಳದಿ ತಂತಿ ಎಲ್ಲವೂ ಕಾಣುವುದರಿಂದ, ಮಾಡಿದವನು ಎಲ್ಲಿ ತಡೆದು ಯೋಚಿಸಿದನೆಂಬುದನ್ನು ಬಲ್ಲವರು ಓದಬಲ್ಲರು.

1995ರ 'ನೆಕ್ರೊಮುಂಡಾ' ಆಟದಲ್ಲಿ ಕಥೆಯ ಅಧಿಕಾರ ಬೊಂಬೆಯ ದೇಹದವರೆಗೂ ಇಳಿಯಿತು. ಭೂಗತ ನಗರದ ಪುಂಡರ ತಂಡಗಳ ಈ ಆಟದಲ್ಲಿ ಸಮರ ಮುಗಿದ ಮೇಲೆ, ಬಿದ್ದವರಿಗಾಗಿ ದಾಳ ಉರುಳಿಸಿ ಗಾಯಗಳ ಪಟ್ಟಿಯನ್ನು ನೋಡಬೇಕು: ಒಬ್ಬನು ಕಣ್ಣು ಕಳೆದುಕೊಂಡನು, ಒಬ್ಬನು ಕುಂಟನಾದನು, ಒಬ್ಬನು ಸತ್ತನು. ಆ ಫಲ ಮುಂದಿನ ಎಲ್ಲ ಸಮರಗಳಿಗೂ ಶಾಶ್ವತ. ಶ್ರದ್ಧೆಯುಳ್ಳ ಆಟಗಾರನು ಅದನ್ನು ಕಾಗದದ ಮೇಲೆ ಬರೆದು ಸುಮ್ಮನಾಗಲಿಲ್ಲ; ಬಣ್ಣ ಬಳಿದು ಮುಗಿಸಿದ್ದ ಬೊಂಬೆಯನ್ನೇ ಮತ್ತೆ ಕೈಗೆತ್ತಿಕೊಂಡು ಕಣ್ಣಿಗೆ ಪಟ್ಟಿ ಕಟ್ಟಿದನು, ಊನವಾದ ಕಾಲಿನ ಜಾಗದಲ್ಲಿ ತಂತಿಯ ಕಾಲಿಟ್ಟನು. ಆಗ ಅಂಗಡಿಗಳಲ್ಲಿ ಬೊಂಬೆಗಳಿಗೆ ಕೊರತೆಯಿರಲಿಲ್ಲ. ಈ ಕೆಲಸವನ್ನು ಮಾಡಿಸಿದುದು ಆಡಿದ ಕಥೆಗೆ ಅವನು ಸಲ್ಲಿಸಬೇಕಾದ ಋಣ.

ಸಂಗ್ರಾಹಕರ ನೀತಿ ಇದಕ್ಕೆ ಪ್ರತಿಕೂಲ. ಸೀಸದ ವಿಷಗುಣದ ಭೀತಿಯಿಂದ 1990ರ ದಶಕದಲ್ಲಿ ತಯಾರಕರು ಸೀಸರಹಿತ ಲೋಹಕ್ಕೆ ಬದಲಾದ ಮೇಲೆ ಹಳೆಯ ಸೀಸದ ಬೊಂಬೆಗಳಿಗೆ ಪ್ರಾಚೀನ ವಸ್ತುಗಳ ಗೌರವ ಬಂದಿತು. ಕೊಯ್ಯದ, ಕೂಡಿಸದ ಬೊಂಬೆಗೇ ಹೆಚ್ಚಿನ ಬೆಲೆ. ಇಂಗ್ಲೆಂಡಿನಲ್ಲಿ ಅವುಗಳ ಹಳೆಯ ಬಣ್ಣವನ್ನು ಕಳೆಯಲು ಡೆಟಾಲಿನಲ್ಲಿ ನೆನೆಹಾಕುವ ರೂಢಿಯಿದೆ. ಬಣ್ಣ ಸಡಿಲವಾದಾಗ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾರೆ, ಆದರೆ ಮಧ್ಯದಲ್ಲಿ ನೀರು ತಾಗಿದರೆ ಎಲ್ಲವೂ ಡಾಂಬರಿನಂತೆ ಅಂಟಿಕೊಳ್ಳುವುದರಿಂದ ಡೆಟಾಲಿನಲ್ಲಿಯೇ ತೊಳೆಯಬೇಕು. ಓಕ್ ಮರದ ಕಪಾಟಿನಲ್ಲಿಟ್ಟರೆ ಮರದಿಂದೇಳುವ ಆಮ್ಲದ ಆವಿಯಿಂದ ಸೀಸ ಬಿಳಿಯ ಪುಡಿಯಾಗಿ ಕ್ಷಯಿಸುವುದೂ ಉಂಟು. ಈ ಜನರ ಎಚ್ಚರವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಅವರಿಲ್ಲದಿದ್ದರೆ ಈ ಚರಿತ್ರೆಗೆ ಸಾಕ್ಷ್ಯವೇ ಇರುತ್ತಿರಲಿಲ್ಲ. ಆದರೂ ಅಜ್ಞಾತನೊಬ್ಬನು ಒರಟಾಗಿ ಮೆತ್ತಿದ ತೋಳನ್ನು ಕಿತ್ತು ಬೊಂಬೆಯನ್ನು 'ಶುದ್ಧ'ಗೊಳಿಸುವುದನ್ನು ಒಪ್ಪಲಾರೆ. ಆ ತೋಳೂ ಚರಿತ್ರೆಯೇ.

2001ರಲ್ಲಿ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯು 'ಇನ್‌ಕ್ವಿಸಿಟರ್' ಎಂಬ ಆಟವನ್ನು ತಂದಿತು. ಪಕ್ಷಕ್ಕೆ ಮೂರು ನಾಲ್ಕು ಪಾತ್ರಗಳು ಮಾತ್ರ, ನಿರೂಪಕನ ಕಥೆ, ಪ್ರತಿಯೊಂದು ಪಾತ್ರಕ್ಕೂ ಸ್ವಂತ ವೃತ್ತಾಂತ. ಬೊಂಬೆಗಳಾದರೋ ಬ್ರಿಟನ್ ಸೈನಿಕರಷ್ಟೇ ಎತ್ತರದವು, 54 ಮಿಲಿಮೀಟರಿನವು. ಹವ್ಯಾಸಿಗಳಿಗೆ ಆ ಕಥಾಲೋಕ ಬಹಳ ಹಿಡಿಸಿತು, ಅಳತೆ ಅಷ್ಟಾಗಿ ಹಿಡಿಸಲಿಲ್ಲ. ಅವರಲ್ಲಿ ಅನೇಕರು ನಿಯಮಗಳನ್ನು ಇಟ್ಟುಕೊಂಡು ಎತ್ತರವನ್ನು 28 ಮಿಲಿಮೀಟರಿಗೆ ಇಳಿಸಿದರು. ಇಂದು ಇಂಕ್28 ಎಂಬ ಹೆಸರಿನಿಂದ ನಡೆದುಬಂದಿರುವ, ಚಿತ್ರಕಾರ ಜಾನ್ ಬ್ಲಾಂಷ್ ಅವರ ಮಸುಕು ಕಂದುಬಣ್ಣದ ಲೋಕದಿಂದ ಪ್ರೇರಿತವಾದ ರೂಪಾಂತರದ ಪಂಥ ಬೆಳೆದುದು ಇದರಿಂದಲೇ. 28 ಮಿಲಿಮೀಟರಿನ ಕೈಕಾಲುಗಳು, ತಲೆಗಳು, ಬಂದೂಕುಗಳು, ಒಡೆದ ರೆಕ್ಕೆಗಳು, ಹದಿನೈದು ವರ್ಷಗಳಿಂದ ಎಸೆಯದೆ ಉಳಿಸಿಕೊಂಡ ಚೂರುಪಾರುಗಳೆಲ್ಲ ಆಗಲೇ ಅವರ ಪೆಟ್ಟಿಗೆಗಳಲ್ಲಿ ತುಂಬಿದ್ದವು.