ಸೂಜಿ, ಕಂಡಕ್ಟರನ ಪ್ಯಾಂಟು ಮತ್ತ ನನ್ನ ಸಂಜಿ ನಡಿಗಿ

ಸಂಕ್ರಮಣ ಮುಗದ ಮರುದಿನ ತೂಕದ ಯಂತ್ರದ ಮ್ಯಾಲೆ ನಿಂತೆ ನೋಡ್ರಿ. ಮನ್ಯಾಗ ಸಜ್ಜಿ ಭಕ್ರಿ, ಎಣಗಾಯಿ, ಮಾದ್ಲಿ ಎಲ್ಲಾ ಆಗಿತ್ತು. ಹದಿನೈದು ದಿನ ಆಗಿತ್ತು, ನಾ ಗೇಟು ದಾಟಿ ಒಂದು ಸುತ್ತು ಸುದ್ದಾ ನಡದಿದ್ದಿಲ್ಲ. ಅಷ್ಟಾದ್ರೂ ಒಂದೂವರೆ ಕಿಲೊ ಕಮ್ಮಿ! ಕೆಲಗೇರಿ ಕೆರಿ ದಂಡಿ ಮ್ಯಾಲೆ ವರ್ಷಾನುಗಟ್ಟಲೆ ತಿರುಗಿ ಎಷ್ಟು ಜೋಡು ಚಪ್ಪಲಿ ಸವಿಸೇನಿ, ಆಗ ಅಲುಗಲಾರದ ಮುಳ್ಳು ಈಗ ತಾನಾಗೇ ಇಳೀಲಿಕ್ಕೆ ಹತ್ತೇದ.

ಕಾರಣ ಗುಟ್ಟೇನಲ್ಲ. ಒಂಬತ್ತು ವರ್ಷದಿಂದ ನನಗ ಸಕ್ಕರಿ ಕಾಯಿಲೆ. ಕಳೆದ ಜೂನದಾಗ ಡಾಕ್ಟರ್ ಮೇಡಮ್ಮರು ವಾರಕ್ಕೊಮ್ಮೆ ಹೊಟ್ಟಿಗೆ ಚುಚ್ಚಿಕೊಳ್ಳೋ ಸೆಮಾಗ್ಲುಟೈಡ್ ಸೂಜಿ ಬರದುಕೊಟ್ರು. 88 ಕಿಲೊ ಇದ್ದಾಕಿ ಏಳು ತಿಂಗಳದಾಗ 77 ಆದೆ. (ಓಣ್ಯಾಗಿನವರು "ನಮಗೂ ಹೆಸರು ಹೇಳ್ರೀ" ಅಂತಾರ. ಡಾಕ್ಟರನ್ನ ಕೇಳಲಾರದ ತಗೊಳ್ಳೋ ಔಷಧ ಅಲ್ರೀ ಇದು. ಮೊದಲಿನ ಎರಡು ತಿಂಗಳು ನನಗ ಆದ ವಾಂತಿ ನಾ ಒಬ್ಬಾಕೀನ ಬಲ್ಲೆ.)

ಸಂಜಿ ಐದೂವರಿಗೆ ನಮ್ಮನಿಯವರು ಬೂಟು ಹಾಕ್ಕೊಂಡು "ಏನ, ಇವತ್ತೂ ಬರೂದಿಲ್ಲೇನು?" ಅಂತ ಕೇಳಿದ್ರ, "ನೀವು ಹೋಗಿ ಬರ್ರಿ" ಅಂತಿದ್ದೆ. ತೂಕ ಇಳೀಲಿ ಅಂತ ತಾನ ನಾ ನಡೀತಿದ್ದದ್ದು? ತೂಕ ಇಳೀಲಿಕ್ಕೆ ಹತ್ತಿದ ಮ್ಯಾಲೆ ಕಾಲಿಗ್ಯಾಕ ತ್ರಾಸು?

ರಥಸಪ್ತಮಿಗೆ ಗೆಳತಿ ಮನ್ಯಾಗ ಅರಿಷಿಣ ಕುಂಕುಮ ಇತ್ತು. ಚಾಪಿ ಮ್ಯಾಲೆ ಕೂತು ಹರಟಿ ಹೊಡದು ಏಳಬೇಕಂದ್ರ, ಏಳ್ಲಿಕ್ಕೇ ಆಗವಲ್ದು! ಇಬ್ಬರು ಬಂದು ರಟ್ಟಿ ಹಿಡದು ಎಬ್ಬಿಸಿದ್ರು. ಎಲ್ಲಾರೂ ನಕ್ರು, ನಾನೂ ನಕ್ಕೆ. ಆದ್ರ ರಾತ್ರಿ ನಿದ್ದಿ ಹತ್ತಲಿಲ್ಲ. 88 ಕಿಲೊ ಇದ್ದಾಗ ಒಂದು ಕೈ ಊರಿ ಎದ್ದೇಳತಿದ್ದೆ. ಹನ್ನೊಂದು ಕಿಲೊ ಇಳಿಸಿದ ಮ್ಯಾಲೆ ಹಗುರಾಗಬೇಕಿತ್ತಲ್ಲ?

ಮಗಳು ಫಾರ್ಮಸಿ ಓದ್ಯಾಳ. ಫೋನಿನ್ಯಾಗ ಎಲ್ಲಾ ಹೇಳಿದೆ. "ಅವ್ವಾ, ಸೂಜಿ ಹಸಿವಿ ಕಮ್ಮಿ ಮಾಡ್ತದ, ತೊಡಿಗೆ ಬಲ ಕೊಡೂದಿಲ್ಲ" ಅಂದ್ಲು. ಆಕಿ ಅವತ್ತಿಂದ ಒಂದೊಂದ ಓದಿ ಹೇಳಿದ ಕಥಿ ಇದು. ಮೈ ಬೆವರಲಾರದ ತೂಕ ಇಳಿಸೋ ಆಸೆ ನನ್ನೊಬ್ಬಾಕೀದಲ್ಲ, ನೂರು ವರ್ಷಕ್ಕಿಂತ ಹಳೇದು ಅಂತ ಆಗ ತಿಳೀತು.

ನಮ್ಮ ಕಡೆ ಸುಶ್ರುತ ಸಂಹಿತೆಯೊಳಗ ಪ್ರಮೇಹಕ್ಕ, ಅಂದ್ರ ಸಕ್ಕರಿ ಕಾಯಿಲೆಯನ್ನೂ ಒಳಗೊಂಡ ರೋಗಕ್ಕ, ಹೇಳಿದ ಉಪಾಯ ಕೇಳ್ರಿ. ಕೈಯಾಗ ರೊಕ್ಕ ಇಲ್ಲದ ರೋಗಿ ಚಪ್ಪಲಿ, ಛತ್ರಿ ಬಿಟ್ಟು, ಭಿಕ್ಷೆ ಬೇಡಿ ಉಂಡು, ಒಂದೂರಾಗ ಒಂದು ರಾತ್ರಿಗಿಂತ ಹೆಚ್ಚು ನಿಲ್ಲಲಾರದ ನೂರು ಯೋಜನ ನಡೀಬೇಕು. ಇಲ್ಲಾ ಆಕಳ ಹಿಂದ ತಿರುಗಬೇಕು, ಇಲ್ಲಾ ಬಾವಿ ತೋಡಬೇಕು. ಇದಕ್ಕ ಹೋಲಿಸಿದ್ರ ನಮ್ಮ ಮೇಡಮ್ಮರ "ದಿನಾ ಅರ್ಧಾ ತಾಸು ನಡೀರಿ" ಎಷ್ಟು ಮೆತ್ತಗ ಅದ ನೋಡ್ರಿ!

ಗುಳಿಗಿ ಕಥಿ ಮಾತ್ರ ಅಂಜಿಕಿ ಬರೋ ಹಂಗದ. ಮೊದಲನೇ ಮಹಾಯುದ್ಧದಾಗ ಫ್ರಾನ್ಸಿನ ಮದ್ದು-ಗುಂಡಿನ ಕಾರಖಾನಿಯೊಳಗ ಡೈನೈಟ್ರೊಫಿನಾಲ್ ಅನ್ನೋ ರಸಾಯನ ಬಳಸತಿದ್ರು. ಅಲ್ಲಿ ದುಡಿಯೋ ಮಂದಿ ಸುಮ್ನ ಬೆವತು ಬೆವತು ಸೊರಗತಿದ್ರು, ಕೆಲವರು ಸತ್ತೂ ಹೋದ್ರು. ಅದನ್ನ 1933ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿಜ್ಞಾನಿಗಳು, ಕಟಿಂಗ್ ಮತ್ತ ಟೇಂಟರ್, ತೂಕ ಇಳಿಸೋ ಔಷಧ ಅಂತ ಬರದ್ರು. ಚೀಟಿ ಇಲ್ಲದ ಅಂಗಡ್ಯಾಗ ಸಿಗತಿತ್ತಂತ. ಮೈಯೊಳಗ ಒಲಿ ಹಚ್ಚಿಟ್ಟಂಗ ಅದು, ಕೊಬ್ಬು ಸುಡೂದು ಖರೇ, ಜೋಡೀಲೆ ಮನಷ್ಯಾನೂ ಸುಡತಿದ್ದ. ವಯಸ್ಸಿನ ಹೆಣ್ಮಕ್ಕಳಿಗೆ ಕಣ್ಣಾಗ ಪೊರಿ ಬಂತು. 1938ರಾಗ ಅಲ್ಲಿ ಹೊಸಾ ಕಾಯ್ದೆ ಬಂದ ಮ್ಯಾಲೆ ಅದರ ಮಾರಾಟ ನಿಂತಿತು.

ಆಮ್ಯಾಲೆ ಆಂಫೆಟಮಿನ್ ಗುಳಿಗಿ ಬಂದ್ವು. ಹಸಿವಿ ಹೋಗತಿತ್ತು, ಚಟ ಹತ್ತತಿತ್ತು. 1990ರ ದಶಕದಾಗ "ಫೆನ್-ಫೆನ್" ಅಂತ ಎರಡು ಔಷಧ ಕೂಡಿಸಿ ಕೊಡೂದು ಅಮೆರಿಕಾದಾಗ ದೊಡ್ಡ ಸುದ್ದಿ ಆತು. ಅದರಿಂದ ಹೃದಯದ ಕವಾಟ ಕೆಡತಾವ ಅಂತ ಗೊತ್ತಾಗಿ ಫೆನ್‌ಫ್ಲುರಮಿನ್ 1997ರಾಗ ಹಿಂದ ತಗೊಂಡ್ರು. ಸಿಬ್ಯುಟ್ರಮಿನ್ ಅನ್ನೋದೂ 2010ರಾಗ ಅಲ್ಲಿ ಬಂದಾತು, ಮರುವರ್ಷ ನಮ್ಮ ದೇಶದಾಗೂ ಬಂದಾತು. ಇದೆಲ್ಲಾ ಕೇಳಿ ನಾ ಸೂಜಿ ಡಬ್ಬಿ ಕಡೆ ಒಂದು ಸಲ ನೋಡಿದೆ, ಸುಳ್ಳ್ಯಾಕ ಹೇಳ್ಲಿ.

ಆದ್ರ ಇದರ ಹುಟ್ಟು ಬ್ಯಾರೆ ಅದ. ಉಂಡ ಕೂಡಲೇ ನಮ್ಮ ಕರಳಿನೊಳಗ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಹುಟ್ಟತದ, "ಸಾಕು" ಅಂತ ಮೆದುಳಿಗೆ ಹೇಳತದ. ಅದರ ಆಯುಷ್ಯ ಒಂದೆರಡು ನಿಮಿಷ ಅಷ್ಟ. ನ್ಯೂಯಾರ್ಕಿನ ಜಾನ್ ಎಂಗ್ ಅನ್ನೋ ಡಾಕ್ಟರು 1992ರಾಗ ಗಿಲಾ ಮಾನ್‌ಸ್ಟರ್ ಅನ್ನೋ ವಿಷದ ಹಲ್ಲಿಯ ವಿಷದಾಗ ಅಂಥದೇ ಕೆಲಸ ಮಾಡೋ, ಆದ್ರ ಹೆಚ್ಚು ಹೊತ್ತು ಉಳಿಯೋ ವಸ್ತು ಕಂಡುಹಿಡದ್ರು. ಅದರಿಂದ 2005ರಾಗ ಎಕ್ಸೆನಟೈಡ್ ಅನ್ನೋ ಮಧುಮೇಹದ ಔಷಧ ಬಂತು. ನನ್ನ ಸೂಜಿ ಹಲ್ಲೀದಲ್ಲ, ಮನಷ್ಯಾನ ಹಾರ್ಮೋನನ್ನ ವಾರಗಟ್ಟಲೆ ಬಾಳೋಹಂಗ ತಿದ್ದಿ ಮಾಡಿದ್ದು. ("ಹಲ್ಲಿ ಔಷಧ" ಅಂತ ನಮ್ಮನಿಯವರು ಇನ್ನೂ ಕಾಡಸ್ತಾರ.) 2021ರಾಗ ಪ್ರಕಟ ಆದ ದೊಡ್ಡ ಪರೀಕ್ಷೆಯೊಳಗ 1961 ಮಂದಿ ಇದ್ರು. ಔಷಧ ತಗೊಂಡವರ ತೂಕ 68 ವಾರದಾಗ ಸರಾಸರಿ ನೂರಕ್ಕ ಹದಿನೈದರಷ್ಟು ಇಳೀತು.

ಅದ ಪರೀಕ್ಷೆಯೊಳಗ ಕೆಲವು ಮಂದಿ ಮೈ ಸ್ಕ್ಯಾನ್ ಮಾಡಿ ನೋಡಿದ್ರಂತ. ಇಳದ ತೂಕದಾಗ ಐದರಾಗ ಮೂರು ಪಾಲು ಕೊಬ್ಬು, ಹತ್ರ ಹತ್ರ ಎರಡು ಪಾಲು ಕೊಬ್ಬಲ್ಲದ್ದು, ಅದರಾಗ ಸ್ನಾಯುನೂ ಬಂತು. ಉಪವಾಸ ಮಾಡಿ ಇಳಿಸಿದ್ರೂ ಸ್ನಾಯು ಹೋಗತದ, ಇದೊಂದರ ತಪ್ಪಲ್ಲ ಅಂದ್ಲು ಮಗಳು. ಚಾಪಿ ಮ್ಯಾಲೆ ನಾ ಯಾಕ ಸಿಕ್ಕಿಬಿದ್ದೆ ಅಂತ ಆವಾಗ ತಿಳೀತು. ಅನ್ನ ಕಮ್ಮಿ ಆತು ಅಂತ ಖುಷಿಯಾಗಿ ಬ್ಯಾಳಿ, ಮೊಸರು, ಕಾಳಿನ ಪಲ್ಯನೂ ಬಿಟ್ಟಿದ್ದೆ. ಮ್ಯಾಲೆ ನಡಿಗೀನೂ ಬಿಟ್ಟಿದ್ದೆ.

ನನ್ನ ಮನಸ್ಸು ತಿರುಗಿಸಿದ್ದು ಮಾತ್ರ ಲಂಡನ್ನಿನ ಬಸ್ಸಿನ ಕಥಿ. ನಮ್ಮ ಮಾವನವರು ಕಂಡಕ್ಟರ್ ಇದ್ರು, ಅದಕ್ಕ ಕಿವಿ ಅಗಲಾತು ಅನ್ರಿ. ಜೆರ್ರಿ ಮಾರಿಸ್ ಅನ್ನೋ ಡಾಕ್ಟರು ಅಲ್ಲಿಯ ಎರಡಂತಸ್ತಿನ ಬಸ್ಸಿನ ಸಿಬ್ಬಂದೀನ ನೋಡಿದ್ರು. ಡ್ರೈವರ್ ದಿನಾ ಪೂರ್ತಿ ಕೂತಿರತಾನ. ಕಂಡಕ್ಟರ್ ಟಿಕೀಟು ಹರಕೋತ ಮ್ಯಾಲಿನ ಅಂತಸ್ತಿಗೆ ಹತ್ತಿ ಇಳದು ದಿನಕ್ಕ 500ರಿಂದ 750 ಮೆಟ್ಟಲ ಏರತಿದ್ದ. ಊಟ, ಪಗಾರ, ಊರು ಹೆಚ್ಚು ಕಡಿಮಿ ಒಂದ. 1953ರಾಗ ಲ್ಯಾನ್ಸೆಟ್ ಪತ್ರಿಕೆಯೊಳಗ ಲೆಕ್ಕ ಬಂತು: ಕಂಡಕ್ಟರರಿಗೆ ಹೃದಯಾಘಾತ ಕಮ್ಮಿ, ಆದ್ರೂ ಅದರಿಂದ ಸಾಯೋದು ಇನ್ನೂ ಕಮ್ಮಿ.

ಡ್ರೈವರ್ ಮೊದಲೇ ದಪ್ಪ ಇದ್ರ ಏನು ಮಾಡ್ತೀರಿ ಅಂತ ಯಾರಾದ್ರೂ ಕೇಳೂದ. ಮಾರಿಸರು ಸಾರಿಗೆಯವರ ಹಂತೇಕ ಇದ್ದ ಸಮವಸ್ತ್ರದ ಲೆಕ್ಕ ತಗಿಸಿದ್ರು, ಪ್ಯಾಂಟಿನ ಸೊಂಟದ ಅಳತಿ! 1956ರಾಗ ಅದೂ ಅಚ್ಚಾತು. ಡ್ರೈವರರ ಸೊಂಟ ದೊಡ್ಡದಿದ್ದದ್ದು ಖರೇನ. ಆದ್ರ ಮುಂದ ಲೆಕ್ಕ ಹಾಕಿದಾಗ, ತೆಳ್ಳಗಿನ ಕಂಡಕ್ಟರನ್ನ ತೆಳ್ಳಗಿನ ಡ್ರೈವರಗ, ದಪ್ಪನ ಕಂಡಕ್ಟರನ್ನ ದಪ್ಪನ ಡ್ರೈವರಗ ಹೋಲಿಸಿದ್ರೂ ಕಂಡಕ್ಟರನ ಹೃದಯನ ಗಟ್ಟಿ. ಅಂದ್ರ ಮೆಟ್ಟಲ ಹತ್ತಿದ್ದಕ್ಕ ಸಿಕ್ಕ ಪಗಾರ ಬ್ಯಾರೆ, ಸೊಂಟ ಸಣ್ಣಾಗಿದ್ದಕ್ಕ ಸಿಕ್ಕದ್ದು ಬ್ಯಾರೆ. ನಾ ಇಷ್ಟು ವರ್ಷ ಎರಡೂ ಒಂದ ಖಾತಿಯೊಳಗ ಬರಕೋತ ಬಂದಿದ್ದೆ. ಮುಳ್ಳು ಅಲುಗಲಿಲ್ಲಾಂದ್ರ ನಡದದ್ದು ದಂಡ, ಮುಳ್ಳು ಇಳದ್ರ ನಡೆಯೋ ಕೆಲಸ ಇಲ್ಲ. ಎರಡೂ ತಪ್ಪು ಲೆಕ್ಕ.

ಮಾರಿಸರು ತಾವೂ ವ್ಯಾಯಾಮ ಬಿಡಲಾರದ 99 ವರ್ಷ ಬಾಳಿದ್ರು. ನಮ್ಮ ಮಾವನವರು 88. ಇದನ್ನ ನಮ್ಮನಿಯವರ ಮುಂದ ಅಂದೆ, ಬ್ಯಾಂಕಿನ್ಯಾಗ ಮೂವತ್ತು ವರ್ಷ ಕೂತವರು, ಸಪ್ಪಗಾದ್ರು.

ಮಗಳು ಇನ್ನೊಂದು ಹೇಳಿದ್ಲು. ಸೂಜಿ ಬಿಟ್ಟವರಿಗೆ ಒಂದು ವರ್ಷದೊಳಗ, ಇಳದ ತೂಕದಾಗ ಮೂರರಾಗ ಎರಡು ಪಾಲು ತಿರುಗಿ ಬಂದಿತ್ತಂತ. ಡೆನ್ಮಾರ್ಕಿನ್ಯಾಗ ಇದೇ ಜಾತಿಯ ಲಿರಾಗ್ಲುಟೈಡ್ ಸೂಜಿ ಮತ್ತ ವ್ಯಾಯಾಮ ಕೂಡಿಸಿ 195 ಮಂದಿ ಮ್ಯಾಲೆ ನೋಡ್ಯಾರ. ಎರಡೂ ಮಾಡಿದವರದು ಎಲ್ಲಾರಕಿಂತ ಛೊಲೊ ಇತ್ತು. ಎಲ್ಲಾ ನಿಂತು ಮತ್ತೊಂದು ವರ್ಷ ಆದ ಮ್ಯಾಲೆ, ಬರೇ ಸೂಜಿ ತಗೊಂಡವರಿಗಿಂತ ವ್ಯಾಯಾಮ ಕೂಡಿಸಿದವರಿಗೆ ತೂಕ ಕಮ್ಮಿ ತಿರುಗಿ ಬಂದಿತ್ತು. ಸೂಜಿ ರೊಕ್ಕ ಎಷ್ಟು ದಿನ ಹೊಂದಸ್ತೇವಿ, ಯಾರು ಹೇಳಬೇಕು?

ಈಗ ತೂಕದ ಯಂತ್ರ ಮಂಚದ ಕೆಳಗದ, ತಿಂಗಳಿಗೊಮ್ಮೆ ತಗೀತೇನಿ. ಸಂಜಿ ಕೆರಿ ದಂಡಿಗೆ ಹೋಗ್ತೇನಿ. ಬ್ಯಾಸರಾದ ದಿನ ಗೇಟಿನ ತನಕ ಹೋಗಿ ಬಂದ್ರ ಸಾಕು ಅಂತ ಚಪ್ಪಲಿ ಹಾಕ್ಕೋತೇನಿ, ಗೇಟು ದಾಟಿದ ಮ್ಯಾಲೆ ಕಾಲು ತಾವ ಹೋಗ್ತಾವ. ಸೂಜಿ ಮರುದಿನ ಹೊಟ್ಟಿ ತೊಳಸ್ತದ, ಅವತ್ತು ಸೂಟಿ. ಬೆಳಿಗ್ಗೆ ಕುಕ್ಕರ್ ಮೂರು ಸೀಟಿ ಹೊಡಿಯೂ ತನಕ ಕುರ್ಚಿಯಿಂದ ಕೈ ಹಚ್ಚಲಾರದ ಎದ್ದು ಕೂಡೂದು. ಮೊದಲನೇ ದಿನ ನಾಲ್ಕು, ಈಗ ಹದಿನಾಲ್ಕು. ಗ್ಯಾಸ್ ಕಟ್ಟಿ ಬಾಜೂಕಿನ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕದ ಕೆಳಗ ಬರದಿಡ್ತೇನಿ.

ಚಾಪಿಯಿಂದ ಮೊನ್ನೆ ಒಂದು ಕೈ ಊರಿ ಎದ್ದೆ. ಚೈತ್ರಗೌರಿ ಅರಿಷಿಣ ಕುಂಕುಮಕ್ಕ ಅದೇ ಗೆಳತಿ ಕರದಾಳ. ಕುರ್ಚಿ ಹಾಕಿಸಲೇನು ಅಂತ ಕೇಳಿದ್ಲು. ಬ್ಯಾಡ ಅಂದೇನಿ.