ಮನಸ್ಸಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿದವರು

ಬಿ.ಎ. ಓದುವಾಗ ಮನಶ್ಶಾಸ್ತ್ರದ ಮೇಡಂ ಒಂದು ರೂಢಿ ಹಾಕಿದ್ದರು. ಪ್ರತಿ ಶನಿವಾರ ಒಬ್ಬರು ಎದ್ದು ನಿಂತು ಒಂದು ಪರಿಕಲ್ಪನೆಯನ್ನು ವಿವರಿಸಬೇಕು, ಉಳಿದವರು ಪ್ರಶ್ನೆ ಕೇಳಬೇಕು. ನನ್ನ ಪಾಲಿಗೆ ಬಂದದ್ದು ಪಾವ್ಲೋವ್‌ನ ಅನುಬಂಧನ. ಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಗೈಡಿನ ಇಂಗ್ಲಿಷ್ ಸಾಲುಗಳನ್ನು ಉರು ಹೊಡೆಯುತ್ತಿದ್ದೆ. ಗೆಳತಿ ಪುಸ್ತಕ ಕಸಿದುಕೊಂಡು, “ನಿಮ್ಮವ್ವಗ ತಿಳಿಯೋ ಹಂಗ ಹೇಳು ನೋಡೂಣು” ಅಂದಳು. ನನ್ನ ಬಾಯಿ ಕಟ್ಟಿತು.

ಅಷ್ಟರಲ್ಲಿ ಚಿನ್ನದ ಗಣಿಯ ಸೈರನ್ ಕೂಗಿತು. ಅಪ್ಪ ಪಾಳಿ ಮುಗಿಸಿ ಬರುವ ಹೊತ್ತು. ಅವ್ವ ಒಲೆಯ ಮೇಲೆ ಹಂಚಿಟ್ಟಳು. ರೊಟ್ಟಿ ಇನ್ನೂ ತಟ್ಟಿರಲಿಲ್ಲ, ನನ್ನ ಬಾಯಲ್ಲಿ ಆಗಲೇ ನೀರು. “ಇದೇ ನೋಡಲೇ ಪಾವ್ಲೋವ್!” ಎಂದು ಕೂಗಿಕೊಂಡೆ.

ಈ ಶಾಸ್ತ್ರವನ್ನು ಕನ್ನಡದ ಬಾಯಿಗೆ ಮೊದಲು ತಂದವರು ಯಾರು ಎಂಬ ಕುತೂಹಲ ಅಂದೇ ಹುಟ್ಟಿತು. ಉತ್ತರ ಹುಡುಕಿದ್ದು ಎಷ್ಟೋ ವರ್ಷಗಳ ನಂತರ.

ನಮ್ಮ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಟ್ಟಿತು. ಅದಕ್ಕೆಂದೇ ಅನುವಾದದ ಇಲಾಖೆಯೊಂದು ಕೆಲಸ ಮಾಡಿತು. ದೇಶಭಾಷೆಯಲ್ಲಿ ಶಾಸ್ತ್ರ ಕಲಿಸಬಹುದು ಎಂಬುದನ್ನು ಅದು ತೋರಿಸಿತು. ಆದರೆ ರಾಯಚೂರು ಕಡೆಯ ಕನ್ನಡದ ಹುಡುಗನಿಗೆ ಅದೂ ಇನ್ನೊಂದು ಭಾಷೆಯೇ.

ಅತ್ತ ಮೈಸೂರಿನಲ್ಲಿ, ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿದ್ದಾಗ, 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ತರಗತಿಯ ಭಾಷೆ ಇಂಗ್ಲಿಷೇ. ಆದರೆ ಇದೇ ಪ್ರಾಧ್ಯಾಪಕರು 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ತೆರೆದರು. ಆ ಹೆಸರೇ ಮುಂದೆ ದೇಶದ ಬಾನುಲಿಗೂ ಬಂತು. ಮನಸ್ಸನ್ನು ಓದುವ ಮೇಷ್ಟ್ರಿಗೆ ಜನರ ಕಿವಿಯ ಮೇಲೂ ಅಷ್ಟೇ ಆಸಕ್ತಿ ಇತ್ತು ಎಂಬುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ನನ್ನನ್ನು ಹೆಚ್ಚು ತಟ್ಟಿದ್ದು ವಿ. ವಿ. ಕಾಮತ್ ಅವರ ಕೆಲಸ. ಪ್ಯಾರಿಸ್ಸಿನ ಬಿನೆ 1905ರಲ್ಲಿ ಮಕ್ಕಳ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ ರೂಪಿಸಿದ್ದರು. ಅದು ಲಿಖಿತ ಪರೀಕ್ಷೆಯಲ್ಲ. ಮಗುವಿನ ಎದುರು ಕೂತು ಮಾತಾಡಿಸುತ್ತ ಪ್ರಶ್ನೆ ಕೇಳಬೇಕು. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಹೆಸರಾದದ್ದು ಇದೇ.

ಇದು ಬರೀ ಅನುವಾದದ ಕೆಲಸವಲ್ಲ. ಅರಿಯದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಮಗು ಸುಮ್ಮನಾಗುತ್ತದೆ. ಆ ಮೌನ ದಡ್ಡತನದ್ದೋ, ಪ್ರಶ್ನೆ ತಿಳಿಯದ್ದೋ? ತಪ್ಪು ತಿಳಿದರೆ ಅದರ ಬದುಕಿಗೇ ಒಂದು ಹಣೆಪಟ್ಟಿ ಬೀಳುತ್ತದೆ. ಕನ್ನಡದಲ್ಲಿ ಕೇಳುವುದು ಮಗುವಿಗೆ ಮಾಡಿದ ಉಪಕಾರವಲ್ಲ, ಅಳತೆ ಸರಿಯಾಗಬೇಕಾದರೆ ಬೇಕಾದ ಷರತ್ತು.

ಇದನ್ನು ಓದಿದಾಗ ನಮ್ಮ ತರಗತಿ ನೆನಪಾಯಿತು. ಹಿಂದಿನ ಬೆಂಚಿನಲ್ಲಿ ವರ್ಷವಿಡೀ ಬಾಯಿ ಬಿಡದೆ ಕೂರುತ್ತಿದ್ದ ಮಸ್ಕಿ ಕಡೆಯ ಹುಡುಗನೊಬ್ಬನಿದ್ದ. ಅವನನ್ನು ನಾವೆಲ್ಲ ದಡ್ಡರ ಲೆಕ್ಕಕ್ಕೆ ಸೇರಿಸಿದ್ದೆವು.

ಆ ಶನಿವಾರ ನಾನು ಗೈಡು ಬಿಟ್ಟು ಸೈರನ್ನಿನ ಕತೆ ಹೇಳಿದೆ. ನಡುನಡುವೆ ‘ಪ್ರಚೋದನೆ’, ‘ಪ್ರತಿಕ್ರಿಯೆ’ ಎಂಬ ಮಾತುಗಳನ್ನು ಅವುಗಳ ಜಾಗದಲ್ಲಿ ಕೂರಿಸಿದೆ. ಮುಗಿದ ಮೇಲೆ ಮೊದಲು ಎದ್ದವನು ಅವನೇ.

“ನಿಮ್ಮಪ್ಪ ತಿಂಗಳಗಟ್ಟಲೆ ರಜಾ ಹಾಕಿ, ಸೈರನ್ ಕೂಗಿದ್ರೂ ರೊಟ್ಟಿ ಬರಲಿಲ್ಲಂದ್ರ? ಆವಾಗೂ ಬಾಯಾಗ ನೀರು ಬರತೈತೇನು?”

ನನಗೆ ಉತ್ತರ ಗೊತ್ತಿರಲಿಲ್ಲ. ಮೇಡಂ ನಕ್ಕು, ಮುಂದಿನ ಪಾಠದ ಪುಟ ತೆರೆಯಲು ಹೇಳಿದರು. ಆಹಾರ ಜೊತೆಗೂಡದೆ ಬರೀ ಗಂಟೆ ಬಾರಿಸುತ್ತ ಹೋದರೆ ನಾಯಿಯ ಜೊಲ್ಲು ಮೆಲ್ಲಗೆ ಬತ್ತುತ್ತದೆ ಎಂದು ಪಾವ್ಲೋವ್ ಕಂಡುಕೊಂಡದ್ದು ಅಲ್ಲಿತ್ತು. ಆ ಹುಡುಗ ಪುಸ್ತಕ ತೆರೆಯುವ ಮೊದಲೇ ಅಲ್ಲಿಗೆ ಹೋಗಿ ನಿಂತಿದ್ದ.